ಉಸಿರೆಣಿಕೆ, ಹೆಸರಿಡುವುದು, ‘ಯಾರಿಗೆ ಗೊತ್ತಾಗುತ್ತಿದೆ?’: ಅರಿವನ್ನು ನೋಡಲು ಯಾವ ಧ್ಯಾನ?

ಮನಸ್ಸು ಹಗುರಾಗಲಿ, ನಿದ್ದೆ ಚೆನ್ನಾಗಿ ಬರಲಿ ಎಂದು ಕೂರುವವರಿಗೆ ಯಾವ ಧ್ಯಾನವಾದರೂ ಸರಿಯೇ. ಅರಿವು ಅಂದರೇನು, ಅದು ಹೇಗೆ ಬಂದು ಹೇಗೆ ತಪ್ಪಿಹೋಗುತ್ತದೆ ಎಂದು ತಾವೇ ನೋಡಬೇಕೆನ್ನುವವರು ಮಾತ್ರ ವಿಧಾನವನ್ನು ನೋಡಿ ಆರಿಸಿಕೊಳ್ಳಬೇಕು. ಇಲ್ಲಿ ಹೋಲಿಸಿರುವ ಮೂರಕ್ಕೂ ಕೊಟ್ಟದ್ದು ಒಂದೇ ಅಳತೆ: ದಿನಕ್ಕೆ 30 ನಿಮಿಷ, ಬೆಳಗಿನ ಒಂದೇ ಹೊತ್ತು, ಪ್ರತಿಯೊಂದಕ್ಕೂ 6 ವಾರ. ವಾರಕ್ಕೊಂದು ಬದಲಿಸುತ್ತ ಹೋದರೆ ಏನೂ ತಿಳಿಯುವುದಿಲ್ಲ. ಮೊದಲ ವಾರವೆಲ್ಲ ಏನು ಮಾಡಬೇಕೆಂದು ನೆನಪಿಟ್ಟುಕೊಳ್ಳುವುದರಲ್ಲೇ ಕಳೆದುಹೋಗುತ್ತದೆ.

ಒರೆಗಲ್ಲಾಗಿ ಹಿಡಿದದ್ದು ಒಂದು ಕ್ಷಣವನ್ನು. ಮನಸ್ಸು ಎತ್ತಲೋ ಹೋಗಿರುತ್ತದೆ. ‘ಓ, ಯೋಚನೆಯಲ್ಲಿದ್ದೆ’ ಎಂದು ಥಟ್ಟನೆ ಗೊತ್ತಾಗುತ್ತದೆ. ಆ ಎಚ್ಚರವನ್ನು ಬೇಕೆಂದು ತಂದುಕೊಳ್ಳಲು ಆಗುವುದಿಲ್ಲ, ಅದು ತಾನಾಗಿ ಬರುತ್ತದೆ. ಯೋಚನೆ ಆಗಲೂ ಇತ್ತು, ಅದು ಯೋಚನೆ ಎಂಬುದು ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಈ ಸಂದಿಯನ್ನು ಯಾವ ವಿಧಾನ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ?

ಮೊದಲು ಉಸಿರೆಣಿಕೆ. ಜೆನ್ ಎಂಬ ಬೌದ್ಧ ಧ್ಯಾನ ಪರಂಪರೆಯಲ್ಲಿ ಹೊಸಬರಿಗೆ ಹೇಳಿಕೊಡುವ ಅಭ್ಯಾಸ ಇದು. ಹೊರಬಿಡುವ ಪ್ರತಿ ಉಸಿರಿಗೆ ಒಂದು ಅಂಕಿ, 1ರಿಂದ 10, ಮತ್ತೆ 1. ಲೆಕ್ಕ ತಪ್ಪಿದರೆ ಎಲ್ಲಿದ್ದರೂ 1ಕ್ಕೆ ಮರಳುವುದು. ಅಂಕಿಯನ್ನು ಉಸಿರು ಮುಗಿಯುವಾಗ ಹೇಳಿಕೊಳ್ಳಬೇಕು. ಮೊದಲೇ ಹೇಳಿದರೆ ಉಸಿರು ಎಣಿಕೆಯ ತಾಳಕ್ಕೆ ಕುಣಿಯತೊಡಗುತ್ತದೆ, ಎದೆ ಬಿಗಿಯುತ್ತದೆ, ಕೆಲವರಿಗೆ ತಲೆಸುತ್ತೂ ಬರುತ್ತದೆ. ಹಾಗಾದಾಗ ಎಣಿಕೆ ಬಿಟ್ಟು, ಮುಂದಿನ ಉಸಿರು ತಾನಾಗಿ ಒಳಬರುವ ತನಕ ಕಾದು, ನಾಲ್ಕೈದು ಉಸಿರು ಹಾಗೇ ಕಳೆದರೆ ಸರಿಹೋಗುತ್ತದೆ.

ಇದರ ದೊಡ್ಡ ಕೊರತೆ ಎರಡು ಮೂರು ವಾರದ ಮೇಲೆ ಕಾಣುತ್ತದೆ. ಎಣಿಕೆ ಮಗ್ಗಿಯಂತೆ ಬಾಯಿಪಾಠವಾಗಿಬಿಡುತ್ತದೆ. ಒಳಗೆ ಯಾರೊಡನೆಯೋ ಇಡೀ ಸಂಭಾಷಣೆ ನಡೆದಿರುತ್ತದೆ, 7, 8, 9 ಮಾತ್ರ ಚಾಚೂ ತಪ್ಪದೆ ಸಾಗಿರುತ್ತದೆ. ಲೆಕ್ಕ ತಪ್ಪಲಿಲ್ಲ ಎಂದು ಸಮಾಧಾನಪಡುವವರು ಮೋಸಹೋಗುವುದು ಇಲ್ಲೇ. ಆದರೂ ಇದೊಂದು ಅಮೂಲ್ಯ ಪಾಠ: ಕೆಲಸ ಸರಿಯಾಗಿ ನಡೆಯುವುದು ಬೇರೆ, ಅದರ ಅರಿವಿರುವುದು ಬೇರೆ. ಕೆಲವು ದಿನ 10ರಿಂದ 1ಕ್ಕೆ ಇಳಿಯುತ್ತ ಎಣಿಸಿದರೆ ಎಚ್ಚರ ಮರಳುತ್ತದೆ, ಅದೂ ರೂಢಿಯಾಗುವ ತನಕ.

ಎರಡನೆಯದು ಹೆಸರಿಡುವುದು. ಬರ್ಮಾದ ಭಿಕ್ಷು ಮಹಾಸಿ ಸಯಾಡೋ (1904–1982) ಹರಡಿದ ಪದ್ಧತಿ. ಉಸಿರಾಟದಿಂದ ಹೊಟ್ಟೆ ಮೇಲೇಳುವಾಗ ‘ಉಬ್ಬು’, ಇಳಿಯುವಾಗ ‘ಇಳಿ’. ಬೇರೇನಾದರೂ ಗಮನ ಸೆಳೆದರೆ ಅದಕ್ಕೊಂದು ಸಣ್ಣ ಹೆಸರು: ‘ಸದ್ದು’, ‘ನೋವು’, ‘ಯೋಚನೆ’, ‘ಬೇಸರ’. ಒಂದೆರಡು ಸೆಕೆಂಡಿಗೆ ಒಂದು ಹೆಸರು ಸಾಕು. ತಕ್ಕ ಪದಕ್ಕಾಗಿ ಹುಡುಕಬೇಡಿ, ಹುಡುಕುವಷ್ಟರಲ್ಲಿ ವಿಷಯ ದಾಟಿಹೋಗಿರುತ್ತದೆ. ಪದ ಸಿಗದಿದ್ದರೆ ‘ಇದು’ ಅಂದರೂ ನಡೆಯುತ್ತದೆ.

ಮೂಗಿನ ಪಕ್ಕದ ಒಂದು ತುರಿಕೆಯನ್ನೇ ತೆಗೆದುಕೊಳ್ಳಿ. ಮೊದಲು ಅದು ‘ತುರಿಕೆ’ ಎಂಬ ಒಂದೇ ಮುದ್ದೆ. ಕೆರೆಯದೆ ಹೆಸರಿಡುತ್ತ ಹೋದರೆ ಮುದ್ದೆ ಒಡೆಯುತ್ತದೆ: ಬಿಸಿ, ಚುಚ್ಚು, ಮಿಡಿತ, ನಡುನಡುವೆ ಏನೂ ಇಲ್ಲದ ಬಿಡುವು. ಪಕ್ಕದಲ್ಲೇ ಇನ್ನೊಂದು ಸಂಗತಿ ಸಿಗುತ್ತದೆ, ಕೆರೆಯಬೇಕೆಂಬ ತಹತಹ. ಅದು ಚರ್ಮದಲ್ಲಿ ಇರುವುದಿಲ್ಲ. ಕೈಯ ಸಣ್ಣ ಬಿಗಿತದಲ್ಲಿ, ತಡೆದ ಉಸಿರಿನಲ್ಲಿ ಇರುತ್ತದೆ. ಸಹಿಸಲಾಗದೆ ಹೋದದ್ದು ತುರಿಕೆಯನ್ನಲ್ಲ, ಈ ತಹತಹವನ್ನು ಎಂದು ಆಗ ಕಣ್ಣಿಗೆ ಕಟ್ಟುತ್ತದೆ. ಎಣಿಕೆಯಲ್ಲಿ ಇದು ಕಾಣುವುದೇ ಇಲ್ಲ, ಅಲ್ಲಿ ತುರಿಕೆ ಬರೀ ಅಡ್ಡಿ.

ಇಲ್ಲಿ ಹದ ತಪ್ಪುವುದು ಧ್ವನಿಯಲ್ಲಿ. ‘ಯೋಚನೆ’ ಎನ್ನುವಾಗ ಒಳಗಿನ ಸ್ವರ ಗದರುವಂತಿದ್ದರೆ ಅದು ಹೆಸರಿಡುವುದಲ್ಲ, ಓಡಿಸುವುದು. ಆ ಸಿಡುಕಿಗೂ ‘ಸಿಡುಕು’ ಎಂದು ಹೆಸರಿಟ್ಟರೆ ಸ್ವರ ತಾನೇ ಇಳಿಯುತ್ತದೆ. ಹಣೆ ಬಿಗಿದಿದ್ದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ, ಅರ್ಧಕ್ಕೆ ಇಳಿಸಿ.

ಮೂರನೆಯದು ತಿರುವಣ್ಣಾಮಲೈಯ ರಮಣ ಮಹರ್ಷಿಗಳು (1879–1950) ತೋರಿದ ವಿಚಾರಣೆ. ಯೋಚನೆ ಎದ್ದಾಗ ‘ಇದು ಯಾರಿಗೆ?’ ಎಂದು ಕೇಳುವುದು. ‘ನನಗೆ’ ಎಂದು ಬಂದರೆ ಆ ‘ನಾನು’ ಎಲ್ಲಿಂದ ಏಳುತ್ತದೆ ಎಂದು ತಿರುಗಿ ನೋಡುವುದು. ಇದನ್ನು ಜಪದಂತೆ ಹೇಳುತ್ತಿರುವುದಲ್ಲ ಎಂದು ಅವರೇ ಎಚ್ಚರಿಸಿದ್ದಾರೆ. ಎರಡು ನಿಮಿಷಕ್ಕೊಮ್ಮೆ ಕೇಳಿ, ಪ್ರಶ್ನೆಯ ಹಿಂದೆ ಬರುವ ಮೌನದಲ್ಲಿ ಇದ್ದರೆ ಸಾಕು. ಹೆಚ್ಚಿನವರು ಜಾರುವುದು ಎರಡು ಕಡೆ. ಮಾತಿನ ಉತ್ತರ ಕಟ್ಟತೊಡಗಿದರೆ ಕೂತದ್ದು ಚರ್ಚೆಗೆ, ಧ್ಯಾನಕ್ಕಲ್ಲ. ಇಲ್ಲವೇ ಕಣ್ಣಿನ ಹಿಂದೆ ಒಂದು ಬಿಂದು ಸಿಕ್ಕಂತಾಗಿ, ‘ನೋಡುವವನು ಇವನೇ’ ಅನ್ನಿಸುತ್ತದೆ. ಗಮನವಿಟ್ಟರೆ ಅದು ಸ್ನಾಯುವಿನ ಬಿಗಿತ, ತುರಿಕೆಯಂತೆ ಅದೂ ಗೊತ್ತಾಗುತ್ತಿರುವ ಒಂದು ಸಂಗತಿ. ಆಗ ಪ್ರಶ್ನೆಯನ್ನು ಆ ಬಿಗಿತದ ಮೇಲೇ ಹಾಕಬೇಕು. ಫಲಿಸಿದಾಗ ಇದರಷ್ಟು ನೇರವಾದದ್ದು ಇನ್ನೊಂದಿಲ್ಲ. ಆದರೆ ಮನಸ್ಸು ಕದಡಿದ ದಿನ ಇದು ಬರೀ ಮಾತಾಗಿ ಉಳಿಯುತ್ತದೆ.

ವಿಪಸ್ಸನಾ ಎಂಬ ಬೌದ್ಧ ಧ್ಯಾನದಲ್ಲಿ ದೇಹವನ್ನು ಗಮನಿಸುವ ಕ್ರಮವನ್ನು ಇಲ್ಲಿ ಸೇರಿಸಿಲ್ಲ. ಅದನ್ನು ಕಲಿಸಿದ ಎಸ್. ಎನ್. ಗೋಯಂಕಾ ಪರಂಪರೆಯ 10 ದಿನದ ಶಿಬಿರದಲ್ಲಿ ಮೊದಲ ಮೂರು ದಿನ ಉಸಿರಿಗೇ ಮೀಸಲು. ದಿನದ ಅರ್ಧ ಗಂಟೆಯಲ್ಲಿ ಅದನ್ನು ತೂಗಿನೋಡುವುದು ನ್ಯಾಯವಲ್ಲ.

ಒಂದನ್ನೇ ಆರಿಸಿ ಎಂದರೆ ಹೆಸರಿಡುವುದಕ್ಕೇ ನನ್ನ ಮತ. ಎಚ್ಚರದ ಆ ಸಂದಿ ಇಲ್ಲಿ ಅರ್ಧ ಗಂಟೆಯಲ್ಲಿ ಹತ್ತಾರು ಸಲ ಎದುರಾಗುತ್ತದೆ, ಪ್ರತಿ ಸಲವೂ ಅದಕ್ಕೊಂದು ಹೆಸರು ಬೀಳುತ್ತದೆ. ಕೂಡಿಸುವುದಾದರೆ 10 ನಿಮಿಷ ಎಣಿಕೆ, 15 ನಿಮಿಷ ಹೆಸರು, ಕೊನೆಯ 5 ನಿಮಿಷ ಪ್ರಶ್ನೆ. ಈ ಕ್ರಮ ತಿರುವುಮುರುವಾದರೆ ಪ್ರಶ್ನೆ ನೆಲೆಯಿಲ್ಲದೆ ತೇಲುತ್ತದೆ.

ತೂಕಡಿಕೆ ಮೂರರಲ್ಲೂ ಬರುತ್ತದೆ. ಕಣ್ಣು ಅರ್ಧ ತೆರೆಯಿರಿ, ಆಗದಿದ್ದರೆ ನಿಂತು ಮಾಡಿ. ದಿನವೂ ಬಂದರೆ ಕೊರತೆ ಇರುವುದು ನಿದ್ದೆಯಲ್ಲಿ. ಭಯ ಉಕ್ಕಿಬಂದರೆ, ದೇಹ ತನ್ನದಲ್ಲ ಅನ್ನಿಸಿದರೆ ಮುಂದುವರಿಸಬೇಡಿ. ಕಣ್ಣು ತೆರೆದು ಪಾದ ನೆಲಕ್ಕೆ ಊರಿ, ಎದ್ದು ನಡೆದಾಡಿ. ಮತ್ತೆ ಮತ್ತೆ ಹಾಗಾದರೆ, ಅಥವಾ ಮೊದಲೇ ತೀವ್ರ ಆತಂಕ, ಮಾನಸಿಕ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಹೊತ್ತು ಹೆಚ್ಚಿಸಬಾರದು.

ಅಲಾರಾಂ ಬಡಿದ ತಕ್ಷಣ ಏಳಬೇಡಿ. ಬಡಿಯುವ ಮೊದಲಿನ ಐದು ಸೆಕೆಂಡಿನಲ್ಲಿ ಏನಿತ್ತು ಎಂದು ನೋಡಿ: ಉಸಿರೇ, ಹೆಸರೇ, ಗೊತ್ತಿಲ್ಲದ ಯೋಚನೆಯೇ? ಅದನ್ನೊಂದೇ ಒಂದು ಪದದಲ್ಲಿ ಬರೆದಿಡಿ. ಆ ಸದ್ದು ಹೇಳದೆ ಕೇಳದೆ ಬರುವುದರಿಂದ, ಇಡೀ ಅರ್ಧ ಗಂಟೆಯನ್ನು ನೆನೆದು ಬರೆದದ್ದಕ್ಕಿಂತ 6 ವಾರದ ಈ ನಲವತ್ತೆರಡು ಪದಗಳು ಹೆಚ್ಚು ನಂಬಲರ್ಹ.