ಕಡಲ ದಂಡೆಯಲ್ಲೇ ಬೆಳೆದವಳು ಈಜು ಕಲಿತ ತರಗತಿ

ನಮ್ಮ ಮನೆಯಿಂದ ಸಮುದ್ರಕ್ಕೆ ಇನ್ನೂರು ಹೆಜ್ಜೆ. ರಾತ್ರಿ ದೀಪ ಆರಿಸಿ ಮಲಗಿದ ಮೇಲೂ ಅಲೆ ಒಡೆಯುವ ಸದ್ದಿನಿಂದಲೇ ಉಬ್ಬರವೋ ಇಳಿತವೋ ಎಂದು ಹೇಳಬಲ್ಲೆ. ಆದರೂ ನಲವತ್ತಾರು ವರ್ಷ ತುಂಬುವವರೆಗೆ ನನಗೆ ಈಜು ಬರುತ್ತಿರಲಿಲ್ಲ. ಸಮುದ್ರದಿಂದ ದೂರ ಇರುವವರು ಇದನ್ನು ನಂಬುವುದಿಲ್ಲ. ನೀರಿನ ಪಕ್ಕ ಹುಟ್ಟಿದವರಿಗೆ ಈಜು ತಾನಾಗಿ ಬಂದುಬಿಡುತ್ತದೆ ಎಂದೇ ಅವರ ಎಣಿಕೆ. ನನ್ನ ಅಪ್ಪ ನಲವತ್ತು ವರ್ಷ ದೋಣಿಯಲ್ಲಿ ದುಡಿದವರು. ಅವರಿಗೂ ಈಜು ಬರುವುದಿಲ್ಲ. ಕೇಳಿದರೆ, "ನಡುಸಮುದ್ರದಲ್ಲಿ ಈಜಿ ಎಲ್ಲಿಗೆ ಹೋಗುವುದು ಮಗಳೇ? ದೋಣಿಯನ್ನು ಬಿಡಬಾರದು, ಅಷ್ಟೆ" ಎನ್ನುತ್ತಿದ್ದರು. ಮೊಣಕಾಲಿನ ಮೇಲೆ ನೀರು ಬಂದರೆ ಹಿಂದಕ್ಕೆ ಓಡಿ ಬರಬೇಕು ಎಂಬುದು ಬಿಟ್ಟರೆ ಮಕ್ಕಳಾಗಿದ್ದಾಗ ನಾವು ಕಡಲಿನಿಂದ ಬೇರೇನನ್ನೂ ಕಲಿಯಲಿಲ್ಲ.

ಕಳೆದ ವರ್ಷ ತಂಗಿಯ ಆರು ವರ್ಷದ ಮಗ ಮೊಣಕಾಲಿನಷ್ಟು ನೀರಿನಲ್ಲಿ ನಿಂತಿದ್ದಾಗ ಅಲೆಯೊಂದು ಅವನ ಕಾಲಡಿಯ ಮರಳನ್ನು ಸೆಳೆದುಕೊಂಡು ಹೋಯಿತು. ಅವನು ಬಿದ್ದ, ಎದ್ದ, ಮತ್ತೆ ಬಿದ್ದ. ಒಂದು ಸಲವೂ ಕೂಗಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಕಾಲು ಮುಂದಕ್ಕೆ ಹೋಗಲಿಲ್ಲ. ಅಪರಿಚಿತ ಯುವಕನೊಬ್ಬ ಓಡಿಬಂದು ಅವನನ್ನು ಎತ್ತಿಕೊಂಡ. ಮರುವಾರವೇ ಸಾರ್ವಜನಿಕ ಈಜುಕೊಳವೊಂದರಲ್ಲಿ ವಯಸ್ಕರಿಗಾಗಿ ನಡೆಯುವ ಆರಂಭಿಕರ ತರಗತಿಗೆ ಹೆಸರು ಬರೆಸಿದೆ. ಎಂಟು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಇಪ್ಪತ್ತನಾಲ್ಕು ದಿನಗಳನ್ನೂ ತಪ್ಪಿಸದೆ ಮುಗಿಸಿದ್ದೇನೆ. ನನ್ನಂತೆಯೇ ಅಲೆಯ ಸದ್ದು ಕೇಳುತ್ತಾ ಬೆಳೆದು, ಈಜು ಬಾರದೆ, ಅದನ್ನು ಯಾರಿಗೂ ಹೇಳದೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಹನ್ನೊಂದು ಮಂದಿ ಇದ್ದೆವು. ನನ್ನನ್ನೂ ಸೇರಿಸಿ ಏಳು ಮಂದಿಯ ಮನೆ ಕಡಲಿನ ಪಕ್ಕದಲ್ಲೇ. ಮೊದಲ ದಿನ ತರಬೇತುದಾರರು ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಐಸ್‌ಲ್ಯಾಂಡಿನಲ್ಲಿ ಮೀನುಗಾರರು ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಮುಳುಗಿ ಸಾಯುತ್ತಿದ್ದರು, 1940ರಲ್ಲಿ ಅಲ್ಲಿನ ಶಾಲೆಗಳಲ್ಲಿ ಈಜು ಕಡ್ಡಾಯವಾಯಿತು ಎಂದು ಹೇಳಿದರು. ಮುಳುಗುತ್ತಿರುವವರು ಕೂಗುವುದಿಲ್ಲ ಎಂದೂ ಅವತ್ತೇ ತಿಳಿಯಿತು. ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಉಸಿರೆಳೆದುಕೊಳ್ಳುವಷ್ಟೇ ಪುರುಸೊತ್ತು. ಕೈಬೀಸಿ ಕರೆಯಲೂ ಆಗದು, ಕೈಗಳು ತಾವಾಗಿಯೇ ನೀರನ್ನು ಒತ್ತುತ್ತಿರುತ್ತವೆ. ತಂಗಿಯ ಮಗನ ಮೌನ ನನಗೆ ಅರ್ಥವಾದದ್ದು ಆಗ. ಆ ದಿನ ನೀರಿಗಿಳಿಯುವ ಮೊದಲೇ ನನ್ನ ಕಣ್ಣು ಒದ್ದೆಯಾಗಿತ್ತು.

ಈ ತರಗತಿಯ ದೊಡ್ಡ ಗುಣ, ಇಲ್ಲಿ ಕೈಕಾಲು ಬಡಿಯುವುದನ್ನು ಕೊನೆಗೆ ಕಲಿಸುತ್ತಾರೆ. ಮೊದಲ ಎರಡು ವಾರ ಉಸಿರು ಮತ್ತು ತೇಲುವುದು, ಇಷ್ಟೇ. ಎದೆಮಟ್ಟದ ನೀರಿನಲ್ಲಿ ಅಂಚನ್ನು ಹಿಡಿದು ನಿಂತು, ಮುಖ ಮುಳುಗಿಸಿ ಮೂಗಿನಿಂದ ಗುಳ್ಳೆ ಬಿಡುವುದು. ಬೇಸರ ಬರುವಷ್ಟು ಸಲ. ಆಮೇಲೆ ಬೆನ್ನ ಮೇಲೆ ಮಲಗುವುದು. ಆರನೆಯ ದಿನದವರೆಗೆ ನನಗೆ ಅದು ಬರಲೇ ಇಲ್ಲ. ತಲೆಯನ್ನು ಎತ್ತಿಕೊಂಡಷ್ಟೂ ಸೊಂಟ ಕೆಳಗಿಳಿಯುತ್ತಿತ್ತು, ಸೊಂಟ ಇಳಿದ ಕೂಡಲೇ ಕಾಲೂ ಅದರ ಹಿಂದೆಯೇ. ತರಬೇತುದಾರರು ಎರಡೇ ಬೆರಳುಗಳನ್ನು ನನ್ನ ತಲೆಯ ಹಿಂದೆ ಇಟ್ಟು, "ಕಿವಿ ಮುಳುಗಲಿ, ಛಾವಣಿಯನ್ನು ನೋಡಿ, ಎದೆ ತುಂಬ ಉಸಿರು ಹಿಡಿಯಿರಿ" ಎಂದರು. ಬೆರಳುಗಳನ್ನು ಯಾವಾಗ ತೆಗೆದರೋ ತಿಳಿಯಲಿಲ್ಲ. ನಾನು ನೀರಿನ ಮೇಲಿದ್ದೆ. ಶ್ವಾಸಕೋಶ ತುಂಬಿದ್ದರೆ ಹೆಚ್ಚಿನವರ ದೇಹ ನೀರಿಗಿಂತ ಹಗುರ, ನಾವು ಹೆದರಿ ಬಿಗಿಯಾಗಿ ಆ ಉಸಿರನ್ನು ಕಳೆದುಕೊಳ್ಳುತ್ತೇವೆ ಎಂದು ಆಮೇಲೆ ವಿವರಿಸಿದರು. ಕಾರಣ ಹೇಳಿ ಕಲಿಸುವ ಈ ರೀತಿ ನನಗೆ ಬಹಳ ಹಿಡಿಸಿತು. ಎಳೆಯ ವಯಸ್ಸಿನವರಿಗೆ ಹಾಗೆಯೇ ನೀರಿಗೆ ತಳ್ಳಿದರೂ ನಡೆಯಬಹುದೇನೋ. ನಲವತ್ತು ವರ್ಷ ಹೆದರಿಕೊಂಡೇ ಇದ್ದವರಿಗೆ ಕಾರಣ ಬೇಕು.

ನೀರಿನಡಿ ಕಣ್ಣು ತೆರೆಯಲು ನಾನು ತುಂಬಾ ಹೆಣಗಿದೆ. ಈಜು ಕನ್ನಡಕ ಇದ್ದರೂ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇದೆಲ್ಲ ಹುಟ್ಟಿನಿಂದಲೇ ಬರಬೇಕು ಎಂದು ಗೊಣಗಿಕೊಂಡೆ. ಅಂಡಮಾನ್ ಸಮುದ್ರದ ಮೋಕೆನ್ ಜನರ ಸಂಗತಿ ಗೊತ್ತಾದ ಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ಅಲ್ಲಿನ ಮಕ್ಕಳು ನೀರಿನಡಿ ಬರಿಗಣ್ಣಿನಲ್ಲಿ ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸೂಕ್ಷ್ಮವಾಗಿ ನೋಡಬಲ್ಲರು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಮುಂದೆ ಯುರೋಪಿನ ಮಕ್ಕಳಿಗೆ ಅಭ್ಯಾಸ ಮಾಡಿಸಿ ನೋಡಿದಾಗ ಅವರಿಗೂ ಆ ನೋಟ ಬಂತು. ಕಡಲಿನ ಮಕ್ಕಳಿಗೂ ಕಣ್ಣು ಪಳಗಬೇಕು. ನನ್ನದು ಹದಿಮೂರನೆಯ ದಿನ ಪಳಗಿತು.

ಕೊಳದ ಸ್ಥಿತಿ ಚೆನ್ನಾಗಿದೆ. ತಳದ ಹೆಂಚಿನ ಗೆರೆಗಳು ಆಳದ ತುದಿಯವರೆಗೂ ನಿಚ್ಚಳವಾಗಿ ಕಾಣುತ್ತವೆ. ಬಟ್ಟೆ ಬದಲಿಸುವ ಕೋಣೆ ಚಿಕ್ಕದು.

ಇಪ್ಪತ್ತಮೂರನೆಯ ದಿನ ನಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋದರು. ಇದೊಂದಕ್ಕಾಗಿಯೇ ಈ ತರಗತಿಯನ್ನು ನಾನು ಉಳಿದವುಗಳಿಗಿಂತ ಮೇಲೆ ಇಡುತ್ತೇನೆ. ನೀರಿಗಿಳಿಯುವ ಮೊದಲು ಅರ್ಧ ಗಂಟೆ ದಂಡೆಯ ಮೇಲೆ ಕೂರಿಸಿ ಅಲೆಗಳನ್ನು ನೋಡಿಸಿದರು. ಎರಡೂ ಕಡೆ ಬಿಳಿ ನೊರೆ ಏಳುತ್ತಿದ್ದು ನಡುವೆ ಒಂದು ಪಟ್ಟಿ ಅಲೆಯೇ ಇಲ್ಲದೆ, ಸ್ವಲ್ಪ ಕಪ್ಪಾಗಿ, ಶಾಂತವಾಗಿತ್ತು. ಎಲ್ಲಿ ಇಳಿಯುವಿರಿ ಎಂದು ಕೇಳಿದರು. ಕಡಲಿನ ಪಕ್ಕದ ನಾವು ಏಳು ಮಂದಿಯೂ ಆ ಶಾಂತ ಪಟ್ಟಿಯನ್ನೇ ತೋರಿಸಿದೆವು. ಅದೇ ಒಳಕ್ಕೆ ಎಳೆಯುವ ಸೆಳೆತ. ದಡಕ್ಕೆ ಬಂದ ನೀರು ಹಿಂದಿರುಗುವ ದಾರಿ ಅದು. ನುರಿತ ಈಜುಗಾರರೂ ಅದಕ್ಕೆ ಎದುರಾಗಿ ಈಜಿ ಗೆಲ್ಲುವುದು ಕಷ್ಟ. ಸಿಕ್ಕಿಕೊಂಡರೆ ತೇಲಬೇಕು, ಕೈ ಎತ್ತಿ ಸಹಾಯ ಕೇಳಬೇಕು, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಜೀವಮಾನವಿಡೀ ನೋಡುತ್ತಿದ್ದ ಸಮುದ್ರವನ್ನು ನಾನು ತಪ್ಪಾಗಿ ಓದುತ್ತಿದ್ದೆ. ಅಲೆಯಿಲ್ಲದ ಜಾಗ ಮಕ್ಕಳಿಗೆ ಒಳ್ಳೆಯದೆಂದು ಎಷ್ಟೋ ಸಲ ನಾನೇ ಕೈತೋರಿಸಿದ್ದೇನೆ. ನೆನೆದರೆ ಈಗಲೂ ಮೈ ನಡುಗುತ್ತದೆ.

ನನ್ನ ತಕರಾರೂ ಇಲ್ಲಿಯದೇ. ಸಮುದ್ರಕ್ಕೆ ಒಂದೇ ದಿನ ಸಾಲದು, ಕನಿಷ್ಠ ನಾಲ್ಕು ದಿನವಾದರೂ ಬೇಕು. ಕೊಳದಲ್ಲಿ ಇಪ್ಪತ್ತೈದು ಮೀಟರ್ ಈಜಿದವಳಿಗೆ ಮೊದಲ ಅಲೆ ಮುಖಕ್ಕೆ ಬಡಿದಾಗ ಕಲಿತದ್ದೆಲ್ಲ ಅರೆಕ್ಷಣ ಮರೆತುಹೋಯಿತು. ಬಟ್ಟೆ ತೊಟ್ಟು ಈಜುವುದನ್ನು ಇಲ್ಲಿ ಕಲಿಸುವುದೇ ಇಲ್ಲ. ದೋಣಿಯಿಂದ ಬೀಳುವವರು, ಬಂಡೆಯಿಂದ ಜಾರುವವರು ಈಜುಡುಗೆಯಲ್ಲಿ ಇರುತ್ತಾರೆಯೇ? ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳು ಮೊದಲ ಈಜು ಪ್ರಮಾಣಪತ್ರ ಪಡೆಯಲೂ ಬಟ್ಟೆ, ಷೂ ತೊಟ್ಟು ನೀರಿಗಿಳಿಯಬೇಕು. ತರಗತಿ ಬೆಳಗ್ಗೆ ಮಾತ್ರ ಇರುವುದೂ ಸರಿಯಲ್ಲ. ಕಡಲಿನಲ್ಲಿ ದುಡಿಯುವವರು ದಡ ಸೇರುವ ಹೊತ್ತು ಅದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಈಜು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಹೊರಗುಳಿಯುವಂಥ ವೇಳಾಪಟ್ಟಿಯನ್ನು ಬದಲಿಸಬೇಕು ಎಂದು ಬರೆದುಕೊಟ್ಟಿದ್ದೇನೆ. ಸಂಜೆಯ ತಂಡದ ಬಗ್ಗೆ ಯೋಚಿಸುತ್ತೇವೆ ಎಂಬ ಉತ್ತರ ಬಂದಿದೆ. ಮತ್ತೆ ಕೇಳುತ್ತೇನೆ.

ಸೇರುವವರಿಗೆ ಒಂದು ಮಾತು: ತೇಲುವುದು ಸಮುದ್ರದಲ್ಲಿ ಕೊಳಕ್ಕಿಂತ ಸುಲಭ. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ. ಆ ದಿನ ಅಲೆ ಒಡೆಯುವ ಗೆರೆಯಾಚೆ, ತರಬೇತುದಾರರ ಕೈಯಳತೆಯಲ್ಲೇ ಬೆನ್ನ ಮೇಲೆ ಮಲಗಿದಾಗ, ಯಾರೋ ಕೆಳಗಿನಿಂದ ಅಂಗೈ ಕೊಟ್ಟಂತಿತ್ತು.

ಅಪ್ಪ ದಂಡೆಯ ಮೇಲೆ ನಿಂತು ನೋಡುತ್ತಿದ್ದರು. ಮನೆಗೆ ನಡೆಯುವಾಗ, ಹಾಗೆ ಮಲಗಿದ್ದಾಗ ಕಿವಿಗೆ ಏನು ಕೇಳಿಸಿತು ಎಂದು ಕೇಳಿದರು. ಕೆಳಗೆ ಮರಳು ಉರುಳುವ ಸದ್ದು ಎಂದೆ.

"ಹೌದು," ಎಂದರು, "ದೋಣಿಯ ತಳಕ್ಕೆ ಕಿವಿಯಿಟ್ಟರೂ ಅದೇ ಕೇಳುತ್ತದೆ."