ದಪ್ಪ ಹಾಳೆಗೆ ಯಾವ ದಾರಿ: ಹಿಂಬದಿಯದೋ, ಮುಂಬದಿಯದೋ?

ಮಾಟುಂಗದ ನಮ್ಮ ಮನೆಯಲ್ಲಿ ಎರಡು ಇಂಕ್‌ಜೆಟ್ ಫೋಟೋ ಪ್ರಿಂಟರುಗಳಿವೆ. ಒಂದು ಹಾಳೆಯನ್ನು ಹಿಂಬದಿಯಿಂದ ಮಾತ್ರ ಎಳೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಮುಂಭಾಗದಿಂದ ನೇರವಾಗಿ ತೂರಿಸುವ ದಾರಿಯೂ ಇದೆ. ಕಳೆದ ಮಳೆಗಾಲದಿಂದ ಈ ಬೇಸಿಗೆಯವರೆಗೆ ಎರಡರಲ್ಲೂ ಜರ್ಮನಿಯ ಹಾನೆಮ್ಯೂಲೆ ಕಂಪನಿಯ ಫೋಟೋ ರ‍್ಯಾಗ್ 308 ಜಿಎಸ್‌ಎಂ (ಚದರ ಮೀಟರಿಗೆ 308 ಗ್ರಾಂ ತೂಕದ) ಹಾಳೆಯನ್ನೇ ಎ4 ಅಳತೆಯಲ್ಲಿ ಬಳಸಿ ನೋಡಿದ್ದೇನೆ. ಜೆರಾಕ್ಸ್ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್, ಪೂರ್ತಿ ಹತ್ತಿಯ ಈ ಹಾಳೆಯದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್.

ಹಿಂಬದಿಯ ದಾರಿಯಲ್ಲಿ ಹಾಳೆ ಓರೆಯಾಗಿ ಇಳಿದು, ಸ್ವಲ್ಪ ಬಾಗಿ ಒಳಹೋಗುತ್ತದೆ. ದಪ್ಪ ಹಾಳೆ ಬಾಗಲು ಒಪ್ಪುವುದಿಲ್ಲ. ಜೊತೆಗೆ ಹತ್ತಿಯ ಸಣ್ಣ ನಾರು ರೋಲರಿಗೆ ಅಂಟಿ ಹಿಡಿತ ಜಾರುತ್ತದೆ. ಹಾಳೆಯನ್ನು ಪ್ರಿಂಟರಿನಿಂದ ದೂರ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಒಂದು ಸಲಕ್ಕೆ ಒಂದನ್ನೇ ಇಟ್ಟು, ರೋಲರ್ ತಿರುಗತೊಡಗಿದಾಗ ಬೆರಳಿನಿಂದ ಹಗುರವಾಗಿ ಆಸರೆ ಕೊಟ್ಟರೆ ಚಳಿಗಾಲದಲ್ಲಿ ಒಂದೂ ಹಾಳೆ ತಪ್ಪಲಿಲ್ಲ.

ಆದರೆ ಜುಲೈ ತಿಂಗಳ ಮುಂಬಯಿಯೇ ಬೇರೆ. ಆ ತೇವದಲ್ಲಿ ಹಾಳೆಯ ಮೂಲೆಗಳು ಹಪ್ಪಳದಂತೆ ಮೇಲೇಳುತ್ತವೆ. ಶಾಯಿ ಸಿಂಪಡಿಸುವ ಪ್ರಿಂಟ್ ಹೆಡ್ ಹಾಳೆಗೆ ತೀರ ಸಮೀಪದಲ್ಲೇ ಓಡಾಡುವುದರಿಂದ ಎದ್ದ ಮೂಲೆ ಅದಕ್ಕೆ ಉಜ್ಜುತ್ತದೆ. ಸಮುದ್ರದ ಮೇಲಿನ ಮೋಡದ ಚಿತ್ರವೊಂದು ಮುಕ್ಕಾಲು ಭಾಗ ಸೊಗಸಾಗಿ ಮೂಡಿ, ಕೊನೆಯ ಬಲಮೂಲೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಪ್ಪು ಗೀರು ಎಳೆಸಿಕೊಂಡು ಹೊರಬಂದಾಗ ನನಗೆ ನಿಜಕ್ಕೂ ಸಂಕಟವಾಯಿತು. ಸೆಟ್ಟಿಂಗಿನಲ್ಲಿ ಹೆಡ್ಡನ್ನು ಎತ್ತರಿಸಿದರೆ ಗೀರು ತಪ್ಪುತ್ತದೆ, ಆದರೆ ಸೂಕ್ಷ್ಮ ಗೆರೆಗಳ ಚೂಪು ತುಸು ಕಡಿಮೆಯಾಗುತ್ತದೆ. ಅದಕ್ಕಿಂತ ಹಾಳೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬೇಕಾದ ಒಂದನ್ನು ಮಾತ್ರ ತೆಗೆದು, ಸುರುಳಿಗೆ ವಿರುದ್ಧವಾಗಿ ರಟ್ಟಿನ ಕೊಳವೆಯ ಮೇಲೆ ನಿಧಾನವಾಗಿ ಬಗ್ಗಿಸಿ ಸಮ ಮಾಡುವುದೇ ಒಳ್ಳೆಯ ಉಪಾಯವೆಂದು ಕಂಡುಕೊಂಡೆ.

ಮುಂಬದಿಯ ದಾರಿಯಲ್ಲಿ ಬಾಗುವ ಪ್ರಶ್ನೆಯೇ ಇಲ್ಲ. ಹಾಳೆಯನ್ನು ಗುರುತಿನ ಗೆರೆಗೆ ಸರಿಯಾಗಿ ಹೊಂದಿಸಿದರೆ ಯಂತ್ರ ಅದನ್ನು ಹಿಂದಕ್ಕೆ ಎಳೆದುಕೊಂಡು, ಮುದ್ರಿಸುತ್ತ ಮುಂದಕ್ಕೆ ತಳ್ಳುತ್ತದೆ. ಕೂದಲೆಳೆಯಷ್ಟು ಓರೆಯಾದರೂ ಹೊರಹಾಕುತ್ತದೆ. ಅವಸರವಿದ್ದ ದಿನ ಇದಕ್ಕೆ ಕೈಹಾಕಬಾರದು. ಅಂಚಿನವರೆಗೆ ಮುದ್ರಿಸಲೂ ಆಗದು, ಆದರೆ ಚೌಕಟ್ಟಿಗೆ ಹೋಗುವ ಚಿತ್ರಕ್ಕೆ ಬಿಳಿಯ ಅಂಚು ಬೇಕೇ ಬೇಕು. ನಿಜವಾದ ತೊಡಕು ಜಾಗದ್ದು: ಎ4 ಹಾಳೆ ಯಂತ್ರದ ಹಿಂದೆ ಚಾಚಿಕೊಳ್ಳುವುದರಿಂದ ಗೋಡೆಯಿಂದ ಒಂದಡಿ ತೆರವು ಬೇಕು, ನಮ್ಮ ಕೋಣೆಯಲ್ಲಿ ಮೇಜನ್ನು ಪ್ರತಿಸಲವೂ ಈಚೆಗೆ ಎಳೆಯಬೇಕು.

300 ಜಿಎಸ್‌ಎಂ ಆಸುಪಾಸಿನ ಹಾಳೆಗಷ್ಟೇ ಪ್ರಿಂಟರ್ ಕೊಳ್ಳುವವರಿಗೆ ಹಿಂಬದಿಯ ದಾರಿ ಸಾಕೆಂದೇ ಹೇಳುತ್ತೇನೆ. ಅದಕ್ಕಿಂತ ದಪ್ಪ ಹಾಳೆಯ ಆಸೆಯಿದ್ದರೆ ಮುಂಬದಿಯ ದಾರಿಯಿಲ್ಲದ ಯಂತ್ರ ಬೇಡ. ಪುಣೆಯಲ್ಲಿ ಕೊಂಡ, ಅಂಚು ಹರಕಾಗಿದ್ದ ಕೈಕಾಗದವನ್ನು ಹಿಂಬದಿಯ ರೋಲರ್ ನಾಲ್ಕು ಸಲವೂ ಓರೆಯಾಗಿಯೇ ಎಳೆಯಿತು. ಒಂದು ಅಂಚನ್ನು ಮಾತ್ರ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಮುಂದಿನಿಂದ ಕೊಟ್ಟಾಗ ಎರಡನೆಯ ಸಲಕ್ಕೇ ಒಳಹೋಯಿತು. ಉಳಿದ ಮೂರು ಅಂಚುಗಳ ಹರಕು ಚೆಲುವು ಹಾಗೆಯೇ ಉಳಿಯಿತು.