ಕಳೆ ಮಿಷನ್‌ನ ತ್ರೀಡಿ ಗೈಡ್: ಚಂದವೇನೋ ಚಂದ, ಆದರೆ ತೋಟದಲ್ಲಿ ತೆರೆಯಲ್ಲ

ಮಿಷನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳುವುದು ಅದರ ಜೊತೆ ಬರುವ ತ್ರೀಡಿ ಗೈಡ್ ಬಗ್ಗೆ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಇಡೀ ಎಂಜಿನ್ ಬರುತ್ತದೆ. ಬೆರಳಲ್ಲಿ ಹೇಗೆ ಬೇಕಾದರೂ ತಿರುಗಿಸಬಹುದು. ಬಟನ್ ಒತ್ತಿದರೆ, ಎಂಜಿನ್‌ಗೆ ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಕೊಡುವ ಕಾರ್ಬುರೇಟರ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಮುಂಗಾರಿಗೆ ಮುಂಚೆ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ ಕಳೆ ಹೊಡೆಸಲೇಬೇಕು. ಆ ದಿನಗಳಲ್ಲಿ ಸಂಜೆ ಕಣದಲ್ಲಿ ಕೂತು, ಏರ್ ಫಿಲ್ಟರ್ ತೊಳೆದು ಒಣಗಲಿಟ್ಟು, ಫೋನನ್ನು ಕಾಫಿ ಲೋಟಕ್ಕೆ ಒರಗಿಸಿ ಗೈಡ್ ತೆರೆಯುತ್ತೇನೆ. ಕಾರ್ಬುರೇಟರ್ ಜೋಡಿಸುವಾಗ ತೆಳು ಪೊರೆಯಂಥ ಡಯಾಫ್ರಂ ಮೊದಲೋ, ಸಂದು ಮುಚ್ಚುವ ಗ್ಯಾಸ್ಕೆಟ್ ಮೊದಲೋ? ಹಿಂದೆಮುಂದೆ ಆದರೆ ಎಂಜಿನ್‌ಗೆ ಪೆಟ್ರೋಲ್ ಸರಿಯಾಗಿ ಹೋಗಲ್ಲ. ಪುಸ್ತಕದ ಚಿತ್ರದಲ್ಲಿ ಅದು ತಿಳಿಯೋದೇ ಇಲ್ಲ. ಇಲ್ಲಿ ಒಂದೊಂದೇ ಪದರ ತನ್ನ ಜಾಗಕ್ಕೆ ಹೋಗಿ ಕೂರುವುದು ಕಾಣುತ್ತದೆ. ಅಸ್ಸಾಂನಿಂದ ಬಂದ ನಮ್ಮ ಹುಡುಗನಿಗೆ ಕನ್ನಡ ಓದಲು ಬರಲ್ಲ, ಇಂಗ್ಲಿಷೂ ಬರಲ್ಲ. ಚಿತ್ರ ತಿರುಗಿಸಿ ನೋಡಿ ಅವನೇ ಜೋಡಿಸುತ್ತಾನೆ.

ಇಲ್ಲಿಗೇ ನಿಂತಿದ್ದರೆ ಐದು ಸ್ಟಾರ್. ಆದರೆ ಇದಕ್ಕೆ ಪ್ರತಿ ಸಲವೂ ನೆಟ್ ಬೇಕು ಕಣ್ರೀ! ಮಿಷನ್ ಕೈಕೊಡೋದು ಮನೆ ಅಂಗಳದಲ್ಲಲ್ಲ, ಕೆಳಗೆ ಹಳ್ಳದ ಬದಿಯಲ್ಲಿ. ಅಲ್ಲಿ ಸಿಗ್ನಲ್ಲೇ ಇಲ್ಲ. ಜುಲೈನಲ್ಲಂತೂ ಕರೆಂಟ್ ಹೋದರೆ ಅದರ ಹಿಂದೆಯೇ ಟವರೂ ಹೋಗುತ್ತದೆ.

ನೆಟ್ ಇಲ್ಲದೆ ನೋಡಲು ಏನಾದರೂ ಕೊಡಿ ಎಂದು ಕಸ್ಟಮರ್ ಕೇರ್‌ಗೆ ಕೇಳಿದೆ. ತ್ರೀಡಿ ಪಿಡಿಎಫ್ ಕಳಿಸಿದರು. ಫೋನಿನಲ್ಲಿ ತೆರೆದರೆ ಬರೀ ನಿಂತ ಚಿತ್ರ, ಅಲುಗಾಡಲ್ಲ. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಮಗಳನ್ನು ಕೇಳಿದೆ. ಪಿಡಿಎಫ್ ಒಳಗೆ ತ್ರೀಡಿ ಇಡುವುದು 2005ರ ಹೊತ್ತಿಗೇ ಬಂದಿದೆಯಂತೆ. ಆದರೆ ಫೋನಿನ ರೀಡರ್‌ಗಳಲ್ಲಿ ಸಾಮಾನ್ಯವಾಗಿ ಅದು ನಡೆಯಲ್ಲ. ಕಂಪ್ಯೂಟರಿನ ಅಕ್ರೊಬ್ಯಾಟ್ ರೀಡರ್‌ನಲ್ಲೂ ಸುರಕ್ಷತೆಗೆಂದು ಆಫ್ ಆಗಿರುತ್ತದೆ, ನಾವೇ ಆನ್ ಮಾಡಬೇಕು. ಒಂದು ಗ್ಯಾಸ್ಕೆಟ್ ಹಾಕಲು ಲ್ಯಾಪ್‌ಟಾಪ್ ಹೊತ್ತು ಹಳ್ಳಕ್ಕೆ ಇಳಿಯೋದಾ? ಅದೂ ಈ ಜಿಗಣೆಗಳ ಮಧ್ಯೆ? ಇಷ್ಟಕ್ಕೂ ನಮ್ಮನೆಯಲ್ಲಿ ಲ್ಯಾಪ್‌ಟಾಪ್ ಇರೋದು ಒಂದೇ, ಅದು ಮಗಳ ಹತ್ತಿರ ಹಾಸನದಲ್ಲಿದೆ. ಇದಕ್ಕೋಸ್ಕರ ಇನ್ನೊಂದು ಕೊಳ್ಳುವ ಮಾತೇ ಇಲ್ಲ.

ಈಗ ಮನೆಯ ವೈಫೈನಲ್ಲಿ ಗೈಡ್ ತೆರೆದು, ಸ್ಕ್ರೀನ್ ರೆಕಾರ್ಡ್ ಮಾಡಿ ಹುಡುಗನ ಫೋನಿಗೆ ಹಾಕಿದ್ದೇನೆ. ತಿರುಗಿಸಲು ಆಗಲ್ಲ, ಆದರೂ ಕೆಲಸ ನಡೆಯುತ್ತದೆ.

ಒಂದು ಉಪಕಾರ ಮಾತ್ರ ಮರೆಯುವಂತಿಲ್ಲ. ಗೈಡ್‌ನಲ್ಲಿ ಯಾವ ಭಾಗ ಮುಟ್ಟಿದರೂ ಅದರ ಪಾರ್ಟ್ ನಂಬರ್ ಬರುತ್ತದೆ. ಅದನ್ನೇ ಅಂಗಡಿಗೆ ವಾಟ್ಸಾಪ್ ಮಾಡುತ್ತೇನೆ. "ಆ ಗುಂಡಗಿರೋದು, ಸ್ಪ್ರಿಂಗ್ ಪಕ್ಕದ್ದು" ಎಂದು ಫೋನಿನಲ್ಲಿ ವರ್ಣಿಸುವ ಕಷ್ಟ ತಪ್ಪಿದೆ. ಸದ್ಯಕ್ಕೆ ಮೂರು ಸ್ಟಾರ್. ಆಫ್‌ಲೈನ್ ಕೊಟ್ಟ ದಿನ ಇನ್ನೊಂದು ಸೇರಿಸುತ್ತೇನೆ.